ಹೊಸಬರಿಗೆ ಬಾಗಿಲು ತೆರೆಯದಿದ್ದರೆ ಹಳೆಯ ಬೀಗದ ಕೈ ಕೊಡುವುದೇ?

ಶಾಲೆ ತೆರೆದ ಎರಡನೇ ವಾರ ನಮ್ಮಲ್ಲಿಗೆ ಹೊಸ ಮೇಡಂ ಒಬ್ಬರು ಬಂದರು. ಕನ್ನಡ ಮಾಧ್ಯಮಕ್ಕೆ ಒಬ್ಬರು ಸಿಕ್ಕರೆ ಡೆಂಕಣಿಕೋಟೆ ಕಡೆಯ ನಮ್ಮಂಥ ಶಾಲೆಗಳಿಗೆ ಅದು ಹಬ್ಬವೇ ಅನ್ನಿ. ಬಂದ ಮೂರನೇ ದಿನ ಅವರು "ಸಾರ್, ನನ್ನನ್ನ ಸರ್ವರ್ ಒಳಗೇ ಬಿಡ್ತಿಲ್ಲ" ಎಂದರು. ಸ್ಟಾಫ್ ರೂಮಿನಲ್ಲಿ ಕೂತಿದ್ದ ನಾಲ್ಕು ಜನ ಒಂದೇ ಉಸಿರಿನಲ್ಲಿ ಪರಿಹಾರ ಹೇಳಿಬಿಟ್ಟರು. "ಹಳೇ ಪಾಸ್‌ವರ್ಡ್ ಕೊಟ್ಟುಬಿಡಿ, ಆಯ್ತಲ್ಲ!"

ಕೊಡಬಾರದು ಎಂಬುದು ನಮ್ಮ ವಾದ. ಎರಡು ದಿನ ಹಠ ಹಿಡಿದು ಕೂತೆವು. ಆ ಎರಡು ದಿನದಲ್ಲಿ ಏನಾಯಿತು, ಯಾಕೆ ಹಠ ಹಿಡಿದೆವು ಅಂತ ಇಲ್ಲಿ ಬರೆಯುತ್ತಿದ್ದೇವೆ. ಬೇರೆ ಶಾಲೆಗಳಲ್ಲೂ ಇದೇ ಕಥೆ ನಡೆದಿರುತ್ತದೆ, ನಮಗೆ ಅನುಮಾನವಿಲ್ಲ.

ಸರ್ವರ್ ಅಂದರೆ ದೊಡ್ಡ ಮಾತು. ಲ್ಯಾಬಿನ ಮೂಲೆಯಲ್ಲಿ ಯಾರಿಗೂ ಬೇಡವಾಗಿದ್ದ ಒಂದು ಹಳೆಯ ಡೆಸ್ಕ್‌ಟಾಪ್. ಅದಕ್ಕೆ ಉಬುಂಟು ಹಾಕಿ, ನಮ್ಮ ಪ್ರಶ್ನೆಪತ್ರಿಕೆ, ಅಭ್ಯಾಸದ ಹಾಳೆ, ತಮಿಳಿನಿಂದ ಇಂಗ್ಲಿಷಿನಿಂದ ನಾವೇ ಕೂತು ಕನ್ನಡಕ್ಕೆ ತಂದ ಪಾಠಗಳು, ಎಲ್ಲವನ್ನೂ ಅದರಲ್ಲಿ ಇಟ್ಟಿದ್ದೇವೆ. ಕನ್ನಡ ಮಾಧ್ಯಮದವರಿಗೆ ಅಂಗಡಿಯಲ್ಲಿ ಗೈಡ್ ಸಿಗುವುದಿಲ್ಲ, ಗೊತ್ತಲ್ಲ? ಹೊಸೂರಿಗೆ ಹೋದರೂ ಇಲ್ಲ. ಬೆಂಗಳೂರಿನಲ್ಲಿ ಸಿಗುವುದು ಕರ್ನಾಟಕದ ಪಠ್ಯಕ್ಕೆ ಬರೆದದ್ದು, ನಮ್ಮ ಪಠ್ಯ ತಮಿಳುನಾಡಿನದು. ಹಾಗಾಗಿ ಆ ಡಬ್ಬದಲ್ಲಿ ಇರುವುದೇ ನಮ್ಮ ಆಸ್ತಿ. ಸ್ಟಾಫ್ ರೂಮಿನ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಎಂಬ ವ್ಯವಸ್ಥೆಯ ಮೂಲಕ ಅದರೊಳಗೆ ಹೋಗುತ್ತೇವೆ. ಲ್ಯಾಬಿನ ಬೀಗ ತೆಗೆಸುವ ರಗಳೆ ಇಲ್ಲ.

ಇಲ್ಲಿಯವರೆಗೆ ಎಲ್ಲರೂ ಒಂದೇ ಹೆಸರಿನಲ್ಲಿ, ಒಂದೇ ಪಾಸ್‌ವರ್ಡಿನಲ್ಲಿ ಹೋಗುತ್ತಿದ್ದೆವು. ಕಳೆದ ವರ್ಷ ಹತ್ತನೇ ತರಗತಿಯ ಪುನರಾವರ್ತನೆಗೆ ಎರಡು ತಿಂಗಳು ಕೂತು ಮಾಡಿದ ಸಮಾಜ ವಿಜ್ಞಾನದ ಪ್ರಶ್ನೆಗಳ ಫೈಲು ಒಂದು ಬೆಳಿಗ್ಗೆ ಇರಲೇ ಇಲ್ಲ. ಯಾರು ಅಳಿಸಿದರು? ದಾಖಲೆ ನೋಡಿದರೆ ಒಂದೇ ಹೆಸರು, ಎಲ್ಲರ ಹೆಸರೂ ಅದೇ! ಕೊನೆಗೆ ಬೆರಳು ತೋರಿಸಿದ್ದು ನಮ್ಮ ಪೈಕಿ ಹಿರಿಯ ಮೇಷ್ಟ್ರ ಕಡೆಗೆ. ಅವರಿಗೆ ಮೌಸ್ ಹಿಡಿದರೆ ಕೈ ನಡುಗುತ್ತದೆ ಎಂಬುದೊಂದೇ ಸಾಕ್ಷಿ. ಅವರು ಏನೂ ಹೇಳಲಿಲ್ಲ. ಮಾರನೆಯ ದಿನದಿಂದ ಕಂಪ್ಯೂಟರ್ ಮುಟ್ಟುವುದನ್ನೇ ಬಿಟ್ಟರು. ಕೈಯಲ್ಲೇ ಪ್ರಶ್ನೆಪತ್ರಿಕೆ ಬರೆದು ತರತೊಡಗಿದರು. ಅಂದು ಬೆರಳು ತೋರಿಸಿದವರಲ್ಲಿ ನಾವೂ ಇದ್ದೆವು. ಮನಸ್ಸಿನಲ್ಲಿ ಅದು ಇನ್ನೂ ಚುಚ್ಚುತ್ತಿದೆ.

ಅದಕ್ಕೇ ಈ ವರ್ಷ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ಎಂದು ತೀರ್ಮಾನಿಸಿ, ಹೊಸ ಮೇಡಂ ಅವರಿಂದ ಶುರು ಮಾಡಿದ್ದು. ಮೊದಲನೆಯದೇ ಕೈಕೊಟ್ಟಿತು!

ಈಗ ವಿಷಯಕ್ಕೆ ಬರೋಣ. ದೂರದಿಂದ ಲಾಗಿನ್ ಆಗದಿದ್ದಾಗ ನಾವು ಮಾಡುವ ಮೊದಲ ತಪ್ಪು ಎಂದರೆ ಪರದೆಯ ಮೇಲೆ ಬಂದದ್ದನ್ನು ಓದದೇ "ಆಗ್ತಿಲ್ಲ" ಅನ್ನುವುದು. ಮಕ್ಕಳಿಗೆ ಪ್ರಶ್ನೆ ಸರಿಯಾಗಿ ಓದಿ ಅಂತ ಬಯ್ಯುವವರು ನಾವೇ. ಅಲ್ಲಿ ಮುಖ್ಯವಾಗಿ ಮೂರು ಥರದ ಉತ್ತರ ಬರುತ್ತದೆ. 'ಕನೆಕ್ಷನ್ ಟೈಮ್ಡ್ ಔಟ್' ಎಂದರೆ ನೀವು ಆ ಮನೆಯವರೆಗೆ ಹೋಗಲೇ ಇಲ್ಲ, ಅಥವಾ ದಾರಿಯಲ್ಲಿ ಫೈರ್‌ವಾಲ್ ನಿಮ್ಮ ಕೂಗನ್ನು ನುಂಗಿತು. ನಮ್ಮ ಕಡೆ ಕರೆಂಟು ಹೋಗಿ ಬಂದ ಮೇಲೆ ರೌಟರ್ ಸರ್ವರಿಗೆ ಬೇರೆ ಐಪಿ ವಿಳಾಸ ಕೊಟ್ಟುಬಿಟ್ಟಿರುತ್ತದೆ, ನಾವು ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿರುತ್ತೇವೆ. 'ಕನೆಕ್ಷನ್ ರೆಫ್ಯೂಸ್ಡ್' ಎಂದರೆ ಮನೆ ಸಿಕ್ಕಿತು, ಆದರೆ 22ನೇ ಪೋರ್ಟಿನಲ್ಲಿ ಕೂತು ಕೇಳಿಸಿಕೊಳ್ಳುವವರು ಯಾರೂ ಇಲ್ಲ, ಅಂದರೆ ಎಸ್‌ಎಸ್‌ಎಚ್ ಸೇವೆ ಶುರುವಾಗಿಲ್ಲ. ಮೂರನೆಯದು 'ಪರ್ಮಿಷನ್ ಡಿನೈಡ್'. ಮನೆ ಸಿಕ್ಕಿತು, ಕಾವಲುಗಾರನೂ ಇದ್ದಾನೆ, ನಿಮ್ಮನ್ನು ಒಳಗೆ ಬಿಡುತ್ತಿಲ್ಲ.

ಮೇಡಂಗೆ ಬರುತ್ತಿದ್ದದ್ದು ಈ ಮೂರನೆಯದು. ಇದೇ ಕಷ್ಟದ್ದು. ಯಾಕೆಂದರೆ ಕಾರಣ ಏನೇ ಇರಲಿ, ಕಾವಲುಗಾರ ಹೊರಗಿನವರಿಗೆ ಹೇಳುವುದು ಅದೊಂದೇ ಮಾತು. ಹೆಸರೇ ಇಲ್ಲದಿದ್ದರೂ ಅದೇ, ಪಾಸ್‌ವರ್ಡ್ ತಪ್ಪಿದ್ದರೂ ಅದೇ, ಹೆಸರಿದ್ದೂ ಅನುಮತಿ ಇಲ್ಲದಿದ್ದರೂ ಅದೇ. ಇದು ಬೇಕೆಂದೇ ಮಾಡಿದ್ದು. "ಈ ಹೆಸರಿನವರು ಇಲ್ಲಿಲ್ಲ" ಅಂತ ಹೇಳಿದರೆ ಕಳ್ಳನಿಗೆ ಯಾವ ಹೆಸರು ಉಂಟು, ಯಾವುದು ಇಲ್ಲ ಎಂದು ಲೆಕ್ಕ ಸಿಕ್ಕಿಬಿಡುತ್ತದೆ. ನಿಜವಾದ ಕಾರಣವನ್ನು ಅದು ಒಳಗಿನ ದಿನಚರಿಯಲ್ಲಿ ಬರೆದಿಡುತ್ತದೆ. ಉಬುಂಟುವಿನಲ್ಲಿ 'ಆಥ್ ಡಾಟ್ ಲಾಗ್' ಎಂಬ ಫೈಲು, ಅಥವಾ 'ಜರ್ನಲ್‌ಸಿಟಿಎಲ್' ಆಜ್ಞೆ ಕೊಟ್ಟರೂ ಕಾಣುತ್ತದೆ. ಸರ್ವರಿನ ಮುಂದೆ ಒಬ್ಬರು ಕೂತು ಅದನ್ನು ನೋಡುತ್ತಿರಬೇಕು, ಇನ್ನೊಬ್ಬರು ಸ್ಟಾಫ್ ರೂಮಿನಿಂದ ಪ್ರಯತ್ನಿಸುತ್ತಿರಬೇಕು. ಮಧ್ಯೆ ಓಡಾಡಲು ಎಂಟನೇ ತರಗತಿಯ ಇಬ್ಬರು ಹುಡುಗರು ತಾವಾಗಿಯೇ ಬಂದರು. ಪೀರಿಯಡ್ ತಪ್ಪುತ್ತದಲ್ಲ!

ಮೊದಲ ಸಲ ದಿನಚರಿಯಲ್ಲಿ ಬಂದದ್ದು 'ಇನ್‌ವ್ಯಾಲಿಡ್ ಯೂಸರ್'. ಅರೆ, ನಾವೇ ಖಾತೆ ಮಾಡಿದ್ದೇವಲ್ಲ? ಹೋಗಿ ನೋಡಿದರೆ ಮೇಡಂ ತಮ್ಮ ಹೆಸರಿನ ಮೊದಲ ಅಕ್ಷರವನ್ನು ದೊಡ್ಡದಾಗಿ ಟೈಪ್ ಮಾಡುತ್ತಿದ್ದಾರೆ. ಇಂಗ್ಲಿಷಿನಲ್ಲಿ ಹೆಸರಿನ ಮೊದಲಕ್ಷರ ದೊಡ್ಡದು ಬರೆಯಿರಿ ಎಂದು ನಾವೇ ಹೊಡೆದು ಬಡಿದು ಕಲಿಸುತ್ತೇವೆ. ಲಿನಕ್ಸಿಗೆ ದೊಡ್ಡಕ್ಷರದವರು ಒಬ್ಬರು, ಚಿಕ್ಕಕ್ಷರದವರು ಇನ್ನೊಬ್ಬರು. ಕನ್ನಡದಲ್ಲಿ ಈ ದೊಡ್ಡಕ್ಷರ ಚಿಕ್ಕಕ್ಷರದ ಪಂಚಾಯಿತಿಯೇ ಇಲ್ಲ, ಪುಣ್ಯ.

ಸರಿ, ಚಿಕ್ಕಕ್ಷರದಲ್ಲಿ ಹಾಕಿದರು. ಮತ್ತೆ ಅದೇ 'ಪರ್ಮಿಷನ್ ಡಿನೈಡ್'. ಆದರೆ ಒಳಗಿನ ದಿನಚರಿ ಬದಲಾಗಿತ್ತು. ಈ ಹೆಸರು 'ಅಲೋ ಯೂಸರ್ಸ್' ಪಟ್ಟಿಯಲ್ಲಿ ಇಲ್ಲ ಎಂದಿತ್ತು. ಎಸ್‌ಎಸ್‌ಎಚ್‌ನ ಸೆಟ್ಟಿಂಗ್ ಫೈಲಿನಲ್ಲಿ ಇಂಥವರನ್ನು ಮಾತ್ರ ಬಿಡು ಎಂದು ಒಂದು ಸಾಲು ಬರೆಯಬಹುದು. ಆ ಸಾಲು ಬರೆದರೆ ಅದರಲ್ಲಿ ಹೆಸರಿಲ್ಲದವರು ಯಾರೇ ಆಗಲಿ ಹೊರಗೆ. ಯಾರು ಬರೆದದ್ದು ಅದನ್ನು? ಬೇರೆ ಯಾರೂ ಅಲ್ಲ, ಕೆಲವು ವರ್ಷಗಳ ಹಿಂದೆ ಸುರಕ್ಷತೆಗೆ ಒಳ್ಳೆಯದು ಅಂತ ಎಲ್ಲೋ ಓದಿ ನಾವೇ ಬರೆದು ನಾವೇ ಮರೆತದ್ದು! ಒಂದೇ ಹೆಸರು, ಎಲ್ಲರೂ ಬಳಸುತ್ತಿದ್ದ ಹಳೆಯ ಹೆಸರು. ಹೊಸಬರ ಹೆಸರು ಸೇರಿಸಿದೆವು, ಆದರೂ ಆಗಲಿಲ್ಲ. ಫೈಲು ತಿದ್ದಿದರೆ ಸಾಲದು, ಸೇವೆಯನ್ನು ರೀಸ್ಟಾರ್ಟ್ ಮಾಡಬೇಕು ಎಂಬುದು ಹೊಳೆಯುವಷ್ಟರಲ್ಲಿ ಕೊನೆಯ ಗಂಟೆ ಹೊಡೆದಿತ್ತು. (ಈ ಫೈಲು ತಿದ್ದುವವರು ಒಂದು ಕಿಟಕಿಯಲ್ಲಿ ಲಾಗಿನ್ ಆಗಿಯೇ ಇರಿ. ತಿದ್ದುಪಡಿ ತಪ್ಪಾಗಿದ್ದರೆ ಹೊಸದಾಗಿ ಯಾರೂ ಒಳಗೆ ಬರಲಾಗದು, ಒಳಗೆ ಇದ್ದವರು ಮಾತ್ರ ಸರಿಮಾಡಬಹುದು.)

ಎರಡನೇ ದಿನ. ಈಗ ದಿನಚರಿಯಲ್ಲಿ 'ಫೇಲ್ಡ್ ಪಾಸ್‌ವರ್ಡ್'. ಪಾಸ್‌ವರ್ಡ್ ತಪ್ಪಂತೆ. ಆದರೆ ಖಾತೆ ಮಾಡಿದ ದಿನವೇ ಸರ್ವರಿನ ಮುಂದೆ ಕೂತು ಅದೇ ಪಾಸ್‌ವರ್ಡ್ ಹೊಡೆದು ಪರೀಕ್ಷಿಸಿದ್ದೆವು, ಆಗ ಸಲೀಸಾಗಿ ಒಳಗೆ ಬಿಟ್ಟಿತ್ತು. ಅಲ್ಲಿ ಸರಿ, ಇಲ್ಲಿ ತಪ್ಪು. ಮಧ್ಯಾಹ್ನದ ಊಟದ ಹೊತ್ತಿಗೆ ನಮಗೇ ನಮ್ಮ ಮೇಲೆ ನಂಬಿಕೆ ಹೋಯಿತು. ನಾಲ್ವರು ಮತ್ತೆ, "ಹಳೇದು ಕೊಟ್ಟುಬಿಡಿ ಸಾರ್".

ಕಾರಣ ಸಿಕ್ಕಿದ್ದು ಓಡಾಡುತ್ತಿದ್ದ ಹುಡುಗನಿಂದ. ಪರದೆಯ ಮೇಲಿನ ಮೂಲೆ ತೋರಿಸಿ "ಸಾರ್, ಇಲ್ಲಿ ಕನ್ನಡ ಅಂತ ಇದೆ" ಎಂದ. ಖಾತೆ ಮಾಡುವ ಮೊದಲು ನಾವು ಕನ್ನಡದಲ್ಲಿ ಒಂದು ಪತ್ರ ಟೈಪ್ ಮಾಡುತ್ತಿದ್ದೆವು. ಪಾಸ್‌ವರ್ಡ್ ಕೇಳುವ ಹೊತ್ತಿಗೆ ಕೀಲಿಮಣೆ ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲೇ ಇತ್ತು. ಎಚ್ ಒತ್ತಿದರೆ ಪ, ಎಲ್ ಒತ್ತಿದರೆ ತ. ಲಿನಕ್ಸಿನ ಆ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿ ಕೂಡ ಕಾಣುವುದಿಲ್ಲ, ಹಾಗಾಗಿ ಯಾವ ಲಿಪಿಯಲ್ಲಿ ಹೊಡೆಯುತ್ತಿದ್ದೇವೆ ಎಂದು ತಿಳಿಯಲು ದಾರಿಯೇ ಇಲ್ಲ. ಎರಡು ಸಲ ಕೇಳಿತು, ಎರಡು ಸಲವೂ ಒಂದೇ ರೀತಿ ಹೊಡೆದೆವು, ಒಪ್ಪಿಕೊಂಡಿತು. ಪರೀಕ್ಷೆ ಮಾಡಿದ್ದೂ ಅದೇ ಕಿಟಕಿಯಲ್ಲಿ, ಅದೇ ಕನ್ನಡ ಕೀಲಿಮಣೆಯಲ್ಲಿ, ತೆರೆಯಿತು. ಮೇಡಂ ಸ್ಟಾಫ್ ರೂಮಿನಲ್ಲಿ ಇಂಗ್ಲಿಷಿನಲ್ಲಿ ಹೊಡೆದರು, ತೆರೆಯಲಿಲ್ಲ. ಅವರು ಹೊಡೆದದ್ದರಲ್ಲಿ ಏನೂ ತಪ್ಪಿರಲಿಲ್ಲ. ಅವರಿಗೆ ಗೊತ್ತಿಲ್ಲದೆ ಅವರ ಪಾಸ್‌ವರ್ಡನ್ನು ನಾವು ಕನ್ನಡೀಕರಿಸಿದ್ದೆವು!

ನಗು ಬರುತ್ತದೆ ನಿಜ. ಆದರೆ ಈ ಕಾರಣ ಯಾವ ಇಂಗ್ಲಿಷ್ ಪುಸ್ತಕದಲ್ಲಿ ಮೊದಲ ಪುಟದಲ್ಲಿ ಬರುತ್ತದೆ ಹೇಳಿ? ಎರಡು ಲಿಪಿಯಲ್ಲಿ ದಿನವಿಡೀ ಕೆಲಸ ಮಾಡುವವರಿಗೆ ಮಾತ್ರ ಬರುವ ಕಾಯಿಲೆ ಇದು. ನಮ್ಮಲ್ಲಂತೂ ಮೂರು ಲಿಪಿ. ರಿಪೇರಿಗೆ ಬರುವವರು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಮಾತಾಡುತ್ತಾರೆ, ಅದು ತಪ್ಪಲ್ಲ, ನಮಗೂ ಬರುತ್ತದೆ. ಆದರೆ ಅವರು ಸರಿಮಾಡಿ ಹೋಗುತ್ತಾರೆ, ಏನು ಸರಿಮಾಡಿದೆವು ಎಂದು ಬರೆದಿಟ್ಟು ಹೋಗುವುದಿಲ್ಲ. ಕೆಟ್ಟಾಗ ಮತ್ತೆ ಅವರೇ ಬರಬೇಕು.

ಕಾಸರಗೋಡಿನ ನಮ್ಮವರನ್ನು ನೋಡಿದರೆ ಸ್ವಲ್ಪ ಹೊಟ್ಟೆಕಿಚ್ಚು. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಶುರುವಾಗಿ, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶ, ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯ ಕನ್ನಡದಲ್ಲೇ, 2018ರಿಂದ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕೂಟ ಬೇರೆ. ನಮ್ಮ ತಮಿಳುನಾಡೂ ಹಿಂದೆ ಬಿದ್ದಿಲ್ಲ. 2011ರಲ್ಲಿ ಶುರುವಾದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ಮಕ್ಕಳಿಗೆ ಬಂದ ಯಂತ್ರಗಳಲ್ಲಿ ವಿಂಡೋಸ್ ಜೊತೆ ಸಿಡ್ಯಾಕ್‌ನವರ ಬಾಸ್ ಲಿನಕ್ಸ್ ಇರುತ್ತಿತ್ತು, ಅದರಲ್ಲಿ ಕನ್ನಡವೂ ಉಂಟು. ಎಷ್ಟು ಮನೆಯಲ್ಲಿ ಅದನ್ನು ತೆರೆದು ನೋಡಿದರು ಎಂಬುದು ಬೇರೆ ಮಾತು. ಹೇಳಿಕೊಡುವವರಾದ ನಾವೇ ತೆರೆದು ನೋಡಿರಲಿಲ್ಲ. ಟಿಸಿಹೆಚ್ ಓದುವಾಗ ನಮಗೆ ಕಂಪ್ಯೂಟರ್ ಮುಟ್ಟಿಸಿದವರೇ ಇರಲಿಲ್ಲ ಎಂಬ ನೆಪ ಇನ್ನೆಷ್ಟು ವರ್ಷ ನಡೆಯುತ್ತದೋ.

ಸಹೋದ್ಯೋಗಿಗಳ ವಾದವನ್ನೂ ಹೇಳಿಬಿಡಬೇಕು. ಇರುವುದೇ ಏಳು ಜನ, ಏಳು ಪಾಸ್‌ವರ್ಡ್ ಯಾಕೆ? ಇಎಂಐಎಸ್‌ಗೆ ಒಂದು, ಬ್ಯಾಂಕಿಗೆ ಒಂದು, ಇನ್ನು ಇದಕ್ಕೂ ಒಂದೇ? ನ್ಯಾಯವಾದ ಪ್ರಶ್ನೆ. ಆದರೆ ಇಎಂಐಎಸ್‌ನಲ್ಲಿ ಪ್ರತಿ ಶಿಕ್ಷಕರಿಗೂ ಬೇರೆ ಲಾಗಿನ್ ಕೊಟ್ಟದ್ದು ಯಾಕೆ? ಬ್ಯಾಂಕಿನ ಪಾಸ್‌ವರ್ಡನ್ನು ಸ್ಟಾಫ್ ರೂಮಿನ ಬೋರ್ಡಿನಲ್ಲಿ ಬರೆಯುತ್ತೇವೆಯೇ? ಈ ಎಸ್‌ಎಸ್‌ಎಚ್ ಹುಟ್ಟಿದ್ದೇ ಪಾಸ್‌ವರ್ಡ್ ಕಳ್ಳತನದಿಂದ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕೂತು, ಹೋಗಿಬರುತ್ತಿದ್ದ ಪಾಸ್‌ವರ್ಡುಗಳನ್ನೆಲ್ಲ ಹಿಡಿದುಕೊಂಡರು. ಆಗ ಬಳಸುತ್ತಿದ್ದ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಪೋಸ್ಟ್‌ಕಾರ್ಡಿನ ಹಾಗೆ ಬಿಚ್ಚಿಟ್ಟು ಹೋಗುತ್ತಿತ್ತು. ಅದನ್ನು ನೋಡಿ ಅಲ್ಲಿನ ಟಾಟು ಯುಲೋನೆನ್ ಎಂಬ ಸಂಶೋಧಕ ಎಲ್ಲವನ್ನೂ ಗುಪ್ತಲಿಪಿಯಲ್ಲಿ ಕಳಿಸುವ ಈ ವ್ಯವಸ್ಥೆ ಬರೆದ. ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ನಾವು ಕಾರಿಡಾರಿನಲ್ಲಿ ಕೂಗಿ ಹೇಳುತ್ತೇವೆ.

ಇನ್ನೂ ಕೆಲವು ಕಾರಣಗಳನ್ನು ಚುಟುಕಾಗಿ ಹೇಳಿಬಿಡುತ್ತೇವೆ. 'ಯೂಸರ್‌ಆಡ್' ಎಂಬ ಆಜ್ಞೆ ಕೊಟ್ಟು ಪಾಸ್‌ವರ್ಡ್ ಇಡಲು ಮರೆತರೆ ಖಾತೆ ಹುಟ್ಟಿದಾಗಲೇ ಬೀಗ ಹಾಕಿಕೊಂಡಿರುತ್ತದೆ. ಉಬುಂಟುವಿನಲ್ಲಿ 'ಆಡ್‌ಯೂಸರ್' ಬಳಸಿ, ಅದು ಪಾಸ್‌ವರ್ಡನ್ನೂ ಕೇಳುತ್ತದೆ, ಮನೆ ಫೋಲ್ಡರನ್ನೂ ಮಾಡಿಕೊಡುತ್ತದೆ. ಪಾಸ್‌ವರ್ಡ್ ಬದಲು ಕೀಲಿ ಫೈಲು ಬಳಸುವವರ ಮನೆ ಫೋಲ್ಡರಿಗೆ ಬೇರೆಯವರು ಬರೆಯುವ ಅನುಮತಿ ಇದ್ದರೆ ಎಸ್‌ಎಸ್‌ಎಚ್ ಆ ಕೀಲಿಯನ್ನು ನಂಬುವುದಿಲ್ಲ. ಇನ್ನು ಹಂಚಿಕೊಳ್ಳುವ ಫೋಲ್ಡರಿಗೆ 'ಸ್ಟಿಕಿ ಬಿಟ್' ಎಂಬುದನ್ನು ಹಾಕಿಡಿ. ಎಲ್ಲರೂ ಅದರಲ್ಲಿ ಫೈಲು ಇಡಬಹುದು, ಓದಬಹುದು, ಒಬ್ಬರದನ್ನು ಇನ್ನೊಬ್ಬ ಶಿಕ್ಷಕರು ಅಳಿಸಲಾಗದು. ಕಳೆದ ವರ್ಷ ಇಷ್ಟು ಗೊತ್ತಿದ್ದರೆ ಸಾಕಿತ್ತು ನಮಗೆ.

ಸಂಜೆ ನಾಲ್ಕಕ್ಕೆ ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿ ಹೊಸ ಪಾಸ್‌ವರ್ಡ್ ಇಟ್ಟೆವು. ಇಟ್ಟವರು ನಾವಲ್ಲ, ಮೇಡಂ ಅವರೇ ಬಂದು ಹೊಡೆದರು, ನಾವು ಕಿಟಕಿಯ ಆಚೆ ನೋಡುತ್ತಾ ನಿಂತಿದ್ದೆವು. ಸ್ಟಾಫ್ ರೂಮಿನಿಂದ ಹುಡುಗ ಓಡಿಬಂದು "ಹೋಯ್ತು ಸಾರ್ ಒಳಗೆ" ಎಂದ. ಆಮೇಲೆ ಮೂರೂ ಕಾರಣಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಸರ್ವರಿನ ಪಕ್ಕದ ಗೋಡೆಗೆ ಅಂಟಿಸಿದೆವು. ದಿನಾಂಕ ಸಮೇತ, ಯಾರ ತಪ್ಪು ಎಂಬುದು ಸಮೇತ. ಮೂರರಲ್ಲಿ ಎರಡು ನಮ್ಮವು.

ಮಾರನೆಯ ವಾರ ಆ ಹಿರಿಯ ಮೇಷ್ಟ್ರ ಹತ್ತಿರ ಹೋಗಿ ನಿಮಗೂ ಒಂದು ಖಾತೆ ಮಾಡೋಣವೇ ಎಂದು ಕೇಳಿದೆವು. ಕಳೆದ ವರ್ಷದ ಮಾತನ್ನು ನಾವು ಎತ್ತಿದೆವು, ಅವರು ಎತ್ತಲಿಲ್ಲ. ನಿವೃತ್ತಿಗೆ ಇನ್ನು ಕೆಲವೇ ತಿಂಗಳಿದೆ, ಈಗ ಯಾಕಪ್ಪ ಅಂದರು. ಎರಡು ದಿನ ಬಿಟ್ಟು ತಾವೇ ಬಂದು ಗೋಡೆಯ ಹಾಳೆ ಓದುತ್ತಾ ನಿಂತಿದ್ದರು. "ಹೆಸರು ಚಿಕ್ಕಕ್ಷರದಲ್ಲೇ ಹಾಕಬೇಕಾ?" ಎಂದು ಕೇಳಿ ಕುರ್ಚಿ ಎಳೆದುಕೊಂಡರು.