ಮಲಗಿದ ಖಾತೆ, ಎಚ್ಚರವಿರುವ ಶುಲ್ಕ

ಖಾತೆ ಮುಚ್ಚಿಸಲು ಹೋದವನಿಗೆ ಬ್ಯಾಂಕು ಮೊದಲು 1,733 ರೂಪಾಯಿ ಕಟ್ಟಿ ಎಂದಿತು. ಹಿಂದಿನ ನೌಕರಿಯಲ್ಲಿ ಕಚೇರಿಯವರೇ ತೆರೆಸಿಕೊಟ್ಟಿದ್ದ ಸಂಬಳದ ಖಾತೆ ಅದು. ನೌಕರಿ ಬಿಟ್ಟೆ, ಕಚೇರಿ ಕೊಟ್ಟಿದ್ದ ಮೊಬೈಲ್ ಸಿಮ್ಮನ್ನು ಮರಳಿಸಿದೆ, ಅದರೊಟ್ಟಿಗೆ ಖಾತೆಯೂ ನೆನಪಿನಿಂದ ಜಾರಿತು. ವರ್ಷ ತುಂಬುವ ಮೊದಲೇ ಡ್ರಾವರ್ ಜಾಡಿಸುವಾಗ ಡೆಬಿಟ್ ಕಾರ್ಡ್ ಕೈಗೆ ಸಿಕ್ಕಿತು. ಎರಡು ಸಾವಿರ ಚಿಲ್ಲರೆ ರೊಕ್ಕ ಇರಬೇಕಲ್ಲ ಎಂದು ಹುಬ್ಬಳ್ಳಿಯ ಶಾಖೆಗೆ ಹೋದೆ. ಕೌಂಟರಿನ ಹುಡುಗ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಮುಂದಿಟ್ಟ.

‘ಏನ್ರೀ ಇದು, ನಾ ಒಂದ್ ರೂಪಾಯಿನೂ ತಗದಿಲ್ಲ.’

‘ನಾವೂ ತಗದಿಲ್ರೀ ಸರ. ಸಿಸ್ಟಮ್ ಕಟ್ ಮಾಡೇತಿ.’

ಆ ಸಿಸ್ಟಮ್ಮಿನ ಲೆಕ್ಕವನ್ನು ಮನೆಗೆ ಬಂದು ಪೆನ್ಸಿಲ್ ಹಿಡಿದು ಬಿಡಿಸಿದೆ. ಸಂಬಳ ಬರುವುದು ನಿಂತ ಕೆಲವು ತಿಂಗಳಿಗೆ ಇಂಥ ಖಾತೆ ತಾನಾಗಿ ಸಾಮಾನ್ಯ ಉಳಿತಾಯ ಖಾತೆಯಾಗುತ್ತದೆ. ಅಲ್ಲಿಂದ ಮಿನಿಮಮ್ ಬ್ಯಾಲೆನ್ಸ್ ಶುರು. ನನ್ನ ಖಾತೆಗೆ ಗೊತ್ತುಮಾಡಿದ್ದ ಮಾಸಿಕ ಸರಾಸರಿ 10,000, ಇದ್ದದ್ದು 2,340. ಕೊರತೆಯ ಮೇಲೆ ಶೇ 6ರಷ್ಟು ದಂಡ, ಗರಿಷ್ಠ 500, ಅದರ ಮೇಲೆ ಶೇ 18 ಜಿಎಸ್‌ಟಿ. ಮೊದಲ ತಿಂಗಳು 542 ರೂಪಾಯಿ ಹೋಯಿತು. ದಂಡ ಹೋದಷ್ಟೂ ಕೊರತೆ ಹಿಗ್ಗಿತಲ್ಲ, ಎರಡನೇ ತಿಂಗಳು 581. ಆಮೇಲೆ ಎರಡು ತಿಂಗಳು 590ರಂತೆ. ನಾಲ್ಕೇ ತಿಂಗಳಿಗೆ ಉಳಿದದ್ದು 37 ರೂಪಾಯಿ. ಐದನೇ ತಿಂಗಳು ಅದನ್ನೂ ತೆಗೆದುಕೊಂಡು, ಸಿಗದ 553ನ್ನು ‘ಬಾಕಿ’ ಎಂದು ಬರೆದಿಟ್ಟಿದ್ದರು. ಮತ್ತೆರಡು ತಿಂಗಳ 1,180 ಸೇರಿ 1,733. ಕೊರತೆಗೆ ದಂಡ, ಆ ದಂಡದಿಂದಾದ ಕೊರತೆಗೂ ದಂಡ. ಬಡ್ಡಿ ವ್ಯಾಪಾರದವರು ಇದಕ್ಕೆ ಚಕ್ರಬಡ್ಡಿ ಎನ್ನುತ್ತಾರೆ. ಇಲ್ಲಿ ಸಾಲ ಯಾರೂ ಕೊಟ್ಟಿಲ್ಲ, ಯಾರೂ ತೆಗೆದುಕೊಂಡಿಲ್ಲ ಅಷ್ಟೆ.

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಅಂಗಡಿ ಇಟ್ಟವರಿಗೆ ‘ಓಡಿ’, ಅಂದರೆ ಓವರ್‌ಡ್ರಾಫ್ಟ್, ಹೊಸತಲ್ಲ. ದಾಸ್ತಾನು ತೋರಿಸಿ, ಅರ್ಜಿ ಹಾಕಿ, ಮಿತಿ ಮಂಜೂರು ಮಾಡಿಸಿಕೊಂಡು, ಖಾತೆಯಲ್ಲಿ ಇಲ್ಲದ ಹಣವನ್ನು ಬಡ್ಡಿಗೆ ಬಳಸುವುದು ಓವರ್‌ಡ್ರಾಫ್ಟ್. ಉಳಿತಾಯ ಖಾತೆಯವನಿಗೆ ಆ ಸೌಲಭ್ಯ ಕೇಳಿದರೂ ಸುಲಭಕ್ಕೆ ಸಿಗುವುದಿಲ್ಲ, ಕೇಳದೆ ಸಿಗುವುದು ಮೈನಸ್ ಬ್ಯಾಲೆನ್ಸ್.

ಹಾಗಾದರೆ ಇದಕ್ಕೆ ಕಟ್ಟಲೆ ಇಲ್ಲವೇ? ಇದೆ, ಮತ್ತು ಸ್ಪಷ್ಟವಾಗಿಯೇ ಇದೆ. ರಿಸರ್ವ್ ಬ್ಯಾಂಕ್ 2014ರ ನವೆಂಬರ್ 20ರಂದು ಹೊರಡಿಸಿ 2015ರ ಏಪ್ರಿಲ್ 1ರಿಂದ ಜಾರಿಗೆ ತಂದ ಸುತ್ತೋಲೆ ಪ್ರಕಾರ, ಶಿಲ್ಕು ಕನಿಷ್ಠ ಮಟ್ಟಕ್ಕಿಂತ ಇಳಿದರೆ ಬ್ಯಾಂಕು ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು, ಒಂದು ತಿಂಗಳಾದರೂ ಸಮಯ ಕೊಡಬೇಕು. ದಂಡವು ಕೊರತೆಗೆ ತಕ್ಕಂತಿರಬೇಕು, ಸೇವೆಯ ಸರಾಸರಿ ವೆಚ್ಚಕ್ಕೆ ಹೊಂದಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ಒಂದು ದಂಡದ ಕಾರಣಕ್ಕೆ ಉಳಿತಾಯ ಖಾತೆ ಮೈನಸ್‌ಗೆ ಇಳಿಯಬಾರದು.

ಸ್ಟೇಟ್‌ಮೆಂಟ್ ನೋಡಿದರೆ ನನ್ನ ಖಾತೆ ಮೈನಸ್ ಆಗಿರಲಿಲ್ಲ. ಶಿಲ್ಕು ಸೊನ್ನೆ. ಬಾಕಿ ಮಾತ್ರ ಪಕ್ಕದ ಇನ್ನೊಂದು ಲೆಕ್ಕದಲ್ಲಿ ಕುಳಿತಿತ್ತು, ‘ಲೀನ್’ ಎಂಬ ಹೆಸರಿನಲ್ಲಿ. ಯಾವತ್ತಾದರೂ ಹಣ ಬಿದ್ದರೆ ಮೊದಲ ತುತ್ತು ಅದರದ್ದು. ಸುತ್ತೋಲೆ ಮುಚ್ಚಿದ ಬಾಗಿಲನ್ನು ಮುರಿಯದೆ ಕಿಟಕಿಯಿಂದ ಒಳಗೆ ಬರುವ ದಾರಿ ಇದು. ಇನ್ನು ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ, ಎಸ್‌ಎಂಎಸ್ ಶುಲ್ಕದಂಥವಕ್ಕೆ ಆ ಸುತ್ತೋಲೆಯ ತಡೆಯೂ ಇಲ್ಲ, ಅದು ಹೇಳುವುದು ಕನಿಷ್ಠ ಶಿಲ್ಕಿನ ದಂಡವೊಂದನ್ನೇ. ತಿಳಿವಳಿಕೆಯ ಎಸ್‌ಎಂಎಸ್‌ಗಳು ನಾನು ಮರಳಿಸಿದ ಸಿಮ್ಮಿಗೆ ಹೋಗಿದ್ದವು. ಮನೆಯ ವಿಳಾಸ ಬದಲಾಗಿರಲಿಲ್ಲ, ಆದರೆ ಐದು ರೂಪಾಯಿಯ ಅಂಚೆ ಖರ್ಚು ಮಾಡುವ ಮನಸ್ಸು ಸಿಸ್ಟಮ್ಮಿಗೆ ಬರಲಿಲ್ಲ.

ಇಲ್ಲೊಂದು ವಿಚಿತ್ರವಿದೆ. ಎರಡು ವರ್ಷ ಗ್ರಾಹಕನ ಕಡೆಯಿಂದ ಯಾವ ವ್ಯವಹಾರವೂ ನಡೆಯದಿದ್ದರೆ ಖಾತೆ ‘ನಿಷ್ಕ್ರಿಯ’ ಎನಿಸುತ್ತದೆ. ನಿಷ್ಕ್ರಿಯ ಖಾತೆಗೆ ಕನಿಷ್ಠ ಶಿಲ್ಕಿನ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2014ರ ಮೇ ತಿಂಗಳಲ್ಲೇ ಹೇಳಿದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಅದನ್ನು ಮತ್ತೆ ಹೇಳಿವೆ, ಖಾತೆಯನ್ನು ಮತ್ತೆ ಚಾಲೂ ಮಾಡಲೂ ಶುಲ್ಕ ಕೇಳಬಾರದು ಎಂದಿವೆ. ಹತ್ತು ವರ್ಷ ಕಳೆದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ, ಅಲ್ಲೂ ಮಾಲೀಕನ ಹಕ್ಕು ಉಳಿಯುತ್ತದೆ. 2024ರ ಮಾರ್ಚ್ ಕೊನೆಗೆ ಆ ನಿಧಿಯಲ್ಲಿ 78,213 ಕೋಟಿ ರೂಪಾಯಿ ಇತ್ತು. ಹುಡುಕಲು ‘ಉದ್ಗಮ್’ ಪೋರ್ಟಲ್ ಇದೆ. ಅಂದರೆ ಸತ್ತ ಖಾತೆಗೆ ಕಾವಲು ಬಿಗಿಯಾಗಿದೆ. ತೂಕಡಿಸುವ ಖಾತೆಗೆ ಇಲ್ಲ. ಮರೆವಿನ ಮೊದಲ ಎರಡು ವರ್ಷ ಖಾತೆ ‘ಸಕ್ರಿಯ’, ಹಣ ಕರಗುವುದು ಆ ಸಂದಿನಲ್ಲೇ. ನನ್ನ 2,340ಕ್ಕೆ ಬೇಕಾದದ್ದು ಐದು ತಿಂಗಳು. ಸಣ್ಣ ಶಿಲ್ಕಿನ ಖಾತೆಗೆ ಕಾನೂನಿನ ಕೊಡೆ ತಲುಪುವ ಹೊತ್ತಿಗೆ ನೆನೆಯಲು ಏನೂ ಉಳಿದಿರುವುದಿಲ್ಲ.

ಈ ಸಂದನ್ನು ಮುಚ್ಚುವ ವಾಕ್ಯವನ್ನು ಹೊಸದಾಗಿ ಬರೆಯಬೇಕಾಗಿಯೂ ಇಲ್ಲ. ರಘುರಾಂ ರಾಜನ್ ಗವರ್ನರ್ ಆಗಿದ್ದಾಗ, 2014ರ ಏಪ್ರಿಲ್ 1ರ ಹಣಕಾಸು ನೀತಿ ಹೇಳಿಕೆಯಲ್ಲಿ ಅದು ಇತ್ತು: ಗ್ರಾಹಕನ ಕಷ್ಟ ಅಥವಾ ಅಲಕ್ಷ್ಯದ ಲಾಭವನ್ನು ಬ್ಯಾಂಕುಗಳು ಪಡೆಯಬಾರದು, ಶಿಲ್ಕು ಇಳಿದರೆ ದಂಡದ ಬದಲು ಸೇವೆಗಳನ್ನು ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆಯ ಮಟ್ಟಕ್ಕೆ ಇಳಿಸಬೇಕು, ಶಿಲ್ಕು ಏರಿದಾಗ ಸೇವೆಯನ್ನೂ ಏರಿಸಬೇಕು. ಎಷ್ಟು ಸರಳ! ರೊಕ್ಕ ಇಲ್ಲದಿದ್ದರೆ ಸೌಲಭ್ಯ ಕಡಿಮೆ, ಇದ್ದ ರೊಕ್ಕಕ್ಕೆ ಮಾತ್ರ ಕೈ ಹಾಕುವಂತಿಲ್ಲ. ನವೆಂಬರ್ ಬರುವಷ್ಟರಲ್ಲಿ ಈ ಮಾತು ತೆಳುವಾಗಿ, ದಂಡ ಹಾಕಿ ಆದರೆ ಹೀಗೆ ಹಾಕಿ ಎಂಬಲ್ಲಿಗೆ ಬಂದು ನಿಂತಿತು. ನಾವು ಕೇಳಬೇಕಾದದ್ದು ಆ ಏಪ್ರಿಲ್ ವಾಕ್ಯವನ್ನೇ. ಒಂದು ವರ್ಷ ವ್ಯವಹಾರವಿಲ್ಲದ ಖಾತೆಗಳನ್ನು ಬ್ಯಾಂಕು ಪರಿಶೀಲಿಸಿ ಗ್ರಾಹಕನನ್ನು ಎಚ್ಚರಿಸಬೇಕೆಂದು 2024ರ ನಿಯಮ ಹೇಳುತ್ತದೆ. ಅದನ್ನು ಆರು ತಿಂಗಳಿಗೆ ತಂದು, ಉತ್ತರ ಬಾರದ ಖಾತೆಯನ್ನು ತಾನಾಗಿ ಮೂಲ ಉಳಿತಾಯ ಖಾತೆಗೆ ಬದಲಿಸಿದರೆ ಸಾಕು. ಸಂಬಳದ ಖಾತೆಯನ್ನು ಗ್ರಾಹಕನನ್ನು ಕೇಳದೆ ಸಾಮಾನ್ಯ ಖಾತೆ ಮಾಡಬಲ್ಲ ಸಾಫ್ಟ್‌ವೇರಿಗೆ ಇದು ಕಷ್ಟದ ಕೆಲಸವಲ್ಲ.

ಬ್ಯಾಂಕಿನವರ ವಾದವನ್ನೂ ಕೇಳೋಣ. ಖಾತೆ ಇಟ್ಟುಕೊಳ್ಳುವುದಕ್ಕೆ ಖರ್ಚಿದೆ: ಶಾಖೆ, ಎಟಿಎಂ, ಕೆವೈಸಿ, ಸಿಬ್ಬಂದಿ. ನಿಜ. ಆದರೆ ಖರ್ಚೇ ಆಧಾರವಾದರೆ 9,000 ಇರುವ ಖಾತೆಗೂ 900 ಇರುವ ಖಾತೆಗೂ ಶುಲ್ಕ ಒಂದೇ ಇರಬೇಕಿತ್ತು. ಕೊರತೆಯ ಶೇಕಡಾವಾರು ಎಂದ ಕೂಡಲೇ ಕಡಿಮೆ ಇದ್ದವನು ಹೆಚ್ಚು ಕಟ್ಟಬೇಕಾಗುತ್ತದೆ. ನವೆಂಬರ್ ಸುತ್ತೋಲೆ ವೆಚ್ಚಕ್ಕೂ ಕೊರತೆಗೂ ಒಟ್ಟಿಗೆ ಗಂಟು ಹಾಕಿ ಕೂರಿಸಿದೆ, ಎರಡೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಸ್ಟೇಟ್ ಬ್ಯಾಂಕ್ 2017ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಈ ದಂಡದಿಂದ ವಸೂಲು ಮಾಡಿದ್ದು 1,771 ಕೋಟಿ ರೂಪಾಯಿ, ಆ ವರ್ಷದ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ನಿವ್ವಳ ಲಾಭಕ್ಕಿಂತ ಹೆಚ್ಚು. ಇದನ್ನು ನಿರ್ವಹಣಾ ವೆಚ್ಚ ಎಂದರೆ ನಂಬುವುದು ಹೇಗೆ? 2020ರ ಮಾರ್ಚ್‌ನಲ್ಲಿ ಅದೇ ಬ್ಯಾಂಕು ದಂಡವನ್ನು ಕೈಬಿಟ್ಟಿತು, ಮುಳುಗಲಿಲ್ಲ. 2025ರ ಜೂನ್ 1ರಿಂದ ಕೆನರಾ ಬ್ಯಾಂಕ್ ತನ್ನ ಎಲ್ಲ ಉಳಿತಾಯ ಖಾತೆಗಳಿಗೆ ಕೈಬಿಟ್ಟಿತು, ಹಿಂದೆಯೇ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು. ಅದೇ ವರ್ಷದ ಆಗಸ್ಟ್‌ನಲ್ಲಿ ಐಸಿಐಸಿಐ ಬ್ಯಾಂಕ್ ನಗರಗಳ ಹೊಸ ಖಾತೆಗಳಿಗೆ ಕನಿಷ್ಠ ಶಿಲ್ಕು 50,000 ಎಂದು ಘೋಷಿಸಿ, ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ 15,000ಕ್ಕೆ ಇಳಿಸಿತು. ಇದು ಬ್ಯಾಂಕುಗಳಿಗೆ ಬಿಟ್ಟ ವಿಷಯ ಎಂದರು ಗವರ್ನರ್ ಸಂಜಯ್ ಮಲ್ಹೋತ್ರಾ. ಮೊತ್ತ ಬ್ಯಾಂಕಿಗೆ ಬಿಟ್ಟದ್ದೇ ಇರಲಿ. ಮರೆವನ್ನೂ ಬ್ಯಾಂಕಿಗೆ ಬಿಡಬೇಕೇ?

ಹೊರಗಿನ ಅನುಭವವೂ ಅಷ್ಟೇನೂ ನೇರವಾಗಿಲ್ಲ. ಬ್ರಿಟನ್ನಿನಲ್ಲಿ ಗ್ರಾಹಕರ ಪರದ ದಾವೆ ಓವರ್‌ಡ್ರಾಫ್ಟ್ ಶುಲ್ಕದ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು, 2020ರಲ್ಲಿ ನಿಯಂತ್ರಕ ಸಂಸ್ಥೆಯೇ ನಿಗದಿತ ಶುಲ್ಕಗಳನ್ನು ರದ್ದುಮಾಡಿ ವಾರ್ಷಿಕ ಬಡ್ಡಿದರವಷ್ಟೇ ಇರಲಿ ಎಂದಿತು. ಅಮೆರಿಕದಲ್ಲಿ ದೊಡ್ಡ ಬ್ಯಾಂಕುಗಳ ಇಂಥ ಶುಲ್ಕವನ್ನು 5 ಡಾಲರ್‌ಗೆ ಮಿತಿಗೊಳಿಸುವ ನಿಯಮವನ್ನು ಅಲ್ಲಿನ ಸಂಸತ್ತು 2025ರಲ್ಲಿ ಜಾರಿಗೆ ಬರುವ ಮೊದಲೇ ಹೊಡೆದುಹಾಕಿತು.

ನಮ್ಮ ಹುಬ್ಬಳ್ಳಿ–ಧಾರವಾಡ ಅವಳಿ ನಗರದಲ್ಲಿ ಖಾತೆ ಮರೆಯುವುದಕ್ಕೆ ಕಾರಣಗಳಿಗೆ ಬರವಿಲ್ಲ. ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗಿಗೆ ಬಂದ ಹುಡುಗರು ರೂಮಿನ ಹತ್ತಿರದ ಬ್ಯಾಂಕಿನಲ್ಲಿ ಖಾತೆ ತೆರೆದು, ಪರೀಕ್ಷೆ ಮುಗಿದ ಮೇಲೆ ಊರಿಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಮೂರು ಕಂಪನಿ ಬದಲಿಸಿದವನ ಬಳಿ ಮೂರು ಸಂಬಳದ ಖಾತೆ. ಕೆಲವೊಮ್ಮೆ ಗ್ರಾಹಕ ಮರೆಯುವ ಮೊದಲೇ ಬ್ಯಾಂಕಿನ ಹೆಸರು ಹೋಗಿರುತ್ತದೆ. ಧಾರವಾಡದ ಹಳೆಯ ಪಾಸ್‌ಬುಕ್ಕಿನಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಎಂದಿದ್ದದ್ದು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು, 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್, ಮುಖ್ಯ ಕಚೇರಿ ಬಳ್ಳಾರಿ. ಸಿಂಡಿಕೇಟ್ ಕೆನರಾದೊಳಗೆ ಹೋಯಿತು, ಕಾರ್ಪೊರೇಷನ್ ಯೂನಿಯನ್ನಿನೊಳಗೆ, ವಿಜಯಾ ಬರೋಡಾದೊಳಗೆ. ಬ್ಯಾಂಕು ತನ್ನ ಹೆಸರನ್ನೇ ಬಿಡಬಹುದು, ಗ್ರಾಹಕ ಮಾತ್ರ ಖಾತೆ ನಂಬರ್ ಮರೆಯಬಾರದು!

ಅದೇ ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದಾಗ ದಿನಕ್ಕೆ ಎರಡಾಣೆ ಕೊಡುವವನ ಮನೆ ಬಾಗಿಲಿಗೂ ಬ್ಯಾಂಕಿನ ಮನುಷ್ಯ ಹೋಗುತ್ತಿದ್ದ. ಕನಿಷ್ಠ ಶಿಲ್ಕು ಇಲ್ಲದವರ ಚಿಲ್ಲರೆಯಿಂದ ಬೆಳೆದ ಬ್ಯಾಂಕಿಂಗ್ ನಮ್ಮದು. ಹುಬ್ಬಳ್ಳಿಯ ದುರ್ಗದ ಬೈಲಿನ ಬಳೆ ಅಂಗಡಿಯವನು ಎರಡು ದಿನ ಬಾಗಿಲು ಹಾಕಿದರೆ ಪಿಗ್ಮಿ ಏಜೆಂಟ್ ‘ಆರಾಮ ಇಲ್ಲೇನ್ರೀ’ ಎಂದು ವಿಚಾರಿಸುತ್ತಾನೆ.

ಸರ್ಕಾರವೂ ಕೆಲವೊಮ್ಮೆ ಮರೆತ ಖಾತೆಯನ್ನೇ ಹುಡುಕಿ ಎಬ್ಬಿಸುತ್ತದೆ. ಆಧಾರ್ ಆಧಾರಿತ ನೇರ ವರ್ಗಾವಣೆಯ ಹಣ ಹೋಗುವುದು ನಾವು ಬಯಸಿದ ಖಾತೆಗಲ್ಲ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ. ಗೃಹಲಕ್ಷ್ಮಿಯ 2,000 ‘ಬಂದಿಲ್ರಿ’ ಎನ್ನುವ ಅಕ್ಕನವರ ಹಣ ಎಂದೋ ತೆರೆದು ಬಿಟ್ಟ ಖಾತೆಗೆ ಬಿದ್ದಿರಬಹುದು. ಆ ಖಾತೆಯ ಮೇಲೆ ಲೀನ್ ಇದ್ದರೆ ಮೊದಲ ಕಂತಿನ ಗತಿ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇಂಥ ಬಾಕಿ ಎದುರಾದರೆ ಕೌಂಟರಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ, ಕಟ್ಟಿ ಕೈತೊಳೆದುಕೊಳ್ಳುವುದೂ ಬೇಡ. ಪೂರ್ತಿ ಸ್ಟೇಟ್‌ಮೆಂಟ್ ಪಡೆದು, ದಂಡಕ್ಕೆ ಮುಂಚೆ ಯಾವ ದಿನ ಯಾವ ವಿಳಾಸಕ್ಕೆ ತಿಳಿಸಿದಿರಿ ಎಂದು ಬರವಣಿಗೆಯಲ್ಲಿ ಕೇಳಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೆ, ಸಮಗ್ರ ಓಂಬುಡ್ಸ್‌ಮನ್ ಯೋಜನೆಯಡಿ ರಿಸರ್ವ್ ಬ್ಯಾಂಕಿಗೆ ದೂರು ಕೊಡಬಹುದು. ಖರ್ಚಿಲ್ಲ, ವಕೀಲರೂ ಬೇಡ, ಮಾಹಿತಿಗೆ 14448 ಸಹಾಯವಾಣಿ ಇದೆ.

ನಾನು ಬರೆದದ್ದು ಒಂದೇ ಪುಟ, ನವೆಂಬರ್ 2014ರ ಸುತ್ತೋಲೆಯ ದಿನಾಂಕ ಹಾಕಿ. ಮ್ಯಾನೇಜರ್ ಎರಡು ಸಲ ಓದಿದರು, ಒಳಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. ‘ಇದೊಂದ್ ಸಲ ರಿವರ್ಸ್ ಮಾಡ್ತೀವ್ರಿ ಸರ’ ಎಂದು 1,733ರ ಬಾಕಿ ಅಳಿಸಿದರು. ನಿಯಮ ಪಾಲಿಸುವುದು ‘ಇದೊಂದು ಸಲ’ದ ಉಪಕಾರ ಹೇಗಾಯಿತೋ ತಿಳಿಯಲಿಲ್ಲ, ಸುಮ್ಮನಿದ್ದೆ. ಕೌಂಟರಿನ ಹುಡುಗ ಕತ್ತರಿ ತಂದು ಕಾರ್ಡನ್ನು ನನ್ನೆದುರೇ ಎರಡು ತುಂಡು ಮಾಡಿದ. ಮೊದಲು ಕಡಿತವಾದ 2,340ರ ಗತಿ ಏನು ಎಂದೆ.

‘ಅದಕ್ಕ ಬ್ಯಾರೆ ಅರ್ಜಿ ಕೊಡಬೇಕಾಗ್ತದ್ರಿ.’

ಕೊಟ್ಟಿದ್ದೇನೆ. ಸೀಲು ಹಾಕಿಸಿಕೊಂಡ ಪ್ರತಿ ಅದೇ ಡ್ರಾವರಿನಲ್ಲಿದೆ, ಇವತ್ತಿಗೆ ಹನ್ನೊಂದನೇ ದಿನ.