ಕಂಪ್ಯೂಟರ್ ಅಂಗಳ: ಮೂರು ಪರದೆಗೆ ಯಾವ ಕಾರ್ಡು?



ಮನೆಯಲ್ಲೇ ಕುಳಿತು ಲೆಕ್ಕಪತ್ರ, ಡಿ.ಟಿ.ಪಿ., ಅನುವಾದ ಮಾಡುವವರಿಗೆ ಅನೇಕ ವೇಳೆ ಒಂದು ಪರದೆ ಸಾಲದು. ಒಂದರಲ್ಲಿ ಮೂಲಪ್ರತಿ, ಇನ್ನೊಂದರಲ್ಲಿ ಬರೆಯುವ ಕಡತ, ಮತ್ತೊಂದರಲ್ಲಿ ಇ-ಮೇಲ್ ತೆರೆದಿದ್ದರೆ ಕೆಲಸ ಸರಾಗ. ಆದರೆ ಮೂರು ಮಾನಿಟರ್ ಎಂದ ಕೂಡಲೇ ಆಟಗಳಿಗೆಂದು ತಯಾರಾದ ದುಬಾರಿ ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳುವವರುಂಟು. ಮಕ್ಕಳ ಫೀಸಿಗೆ ಆಗಬೇಕಾದ ಹಣ ಹೀಗೆ ಹೋಗಬಾರದು.

ಅಕ್ಷರ, ಅಂಕಿಗಳ ಕೆಲಸಕ್ಕೆ ಕಾರ್ಡಿನ ಬಲಕ್ಕಿಂತ ಅದರ ಕಿಂಡಿಗಳ ಲೆಕ್ಕವೇ ಮುಖ್ಯ.

ಮೊದಲು ಕಂಪ್ಯೂಟರಿನ ಹಿಂಬದಿ ನೋಡಿ. ಮದರ್‌ಬೋರ್ಡಿನಲ್ಲಿ ಎಚ್.ಡಿ.ಎಂ.ಐ., ಡಿಸ್‌ಪ್ಲೇಪೋರ್ಟ್ ಎರಡೂ ಇದ್ದು, ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಅಡಕವಾಗಿದ್ದರೆ ಎರಡು ಪರದೆಗಳಿಗೆ ಸಾಮಾನ್ಯವಾಗಿ ಕಾರ್ಡೇ ಬೇಡ. ಇಂಟೆಲ್ ಕೋರ್ ಪ್ರೊಸೆಸರಿನ ಹೆಸರು 'ಎಫ್' ಅಕ್ಷರದಿಂದ ಕೊನೆಗೊಂಡಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಅದಕ್ಕೆ ಕಾರ್ಡು ಬೇಕೇ ಬೇಕು.

ಕಾರ್ಡು ಕೊಳ್ಳುವುದಾದರೆ, ಅದು ಏಕಕಾಲಕ್ಕೆ ಎಷ್ಟು ಪರದೆಗಳನ್ನು ನಡೆಸುತ್ತದೆಂದು ತಯಾರಕರ ವಿವರಪಟ್ಟಿಯಲ್ಲಿ ಓದಿ. ಎನ್‌ವಿಡಿಯಾದ ಜಿಟಿ 1030 ಎರಡನ್ನು ಮಾತ್ರ ನಡೆಸಬಲ್ಲದು. ಅದೇ ಕಂಪನಿಯ ಟಿ400 ಎಂಬ ಪುಟ್ಟ ಕಾರ್ಡಿನಲ್ಲಿ ಮೂರು ಮಿನಿ ಡಿಸ್‌ಪ್ಲೇಪೋರ್ಟ್‌ಗಳಿವೆ. ಹೊಸ ಆಟಗಳಿಗೆ ಅದು ಸಾಲದು, ಕಚೇರಿ ಕೆಲಸಕ್ಕೆ ಧಾರಾಳ. ಅದಕ್ಕೆ ಬೇಕಾದದ್ದು ಸುಮಾರು 30 ವ್ಯಾಟ್. ಕಾರ್ಡು ಕೂರುವ ಪಿ.ಸಿ.ಐ. ಎಕ್ಸ್‌ಪ್ರೆಸ್ ಸ್ಲಾಟ್ 75 ವ್ಯಾಟ್‌ವರೆಗೆ ಕೊಡಬಲ್ಲದು. ಹೀಗಾಗಿ ಪ್ರತ್ಯೇಕ ವಿದ್ಯುತ್ ತಂತಿ ಬೇಡ. ಕ್ಯಾಬಿನೆಟ್ ತೆಳ್ಳಗಿದ್ದರೆ ಗಿಡ್ಡ ಪಟ್ಟಿಯ, ಅಂದರೆ 'ಲೋ ಪ್ರೊಫೈಲ್' ಕಾರ್ಡನ್ನೇ ಕೇಳಿ. ವಿಡಿಯೋ ಸಂಕಲನ, ತ್ರೀಡಿ ವಿನ್ಯಾಸ ಮಾಡುವವರಿಗೆ ಮಾತ್ರ ಇನ್ನೂ ಬಲವಾದ ಕಾರ್ಡು ಬೇಕಾದೀತು.

ಕೇಬಲ್ ವಿಷಯದಲ್ಲೂ ಎಚ್ಚರವಿರಲಿ. ಸಾಧಾರಣ ಎಚ್.ಡಿ.ಎಂ.ಐ. ಸ್ಪ್ಲಿಟರ್ ಒಂದೇ ಚಿತ್ರವನ್ನು ಎರಡು ಕಡೆ ತೋರಿಸುತ್ತದೆ, ಕೆಲಸದ ಜಾಗವನ್ನು ಹೆಚ್ಚಿಸುವುದಿಲ್ಲ. ಹಳೆಯ ವಿ.ಜಿ.ಎ. ಮಾನಿಟರನ್ನು ಡಿಸ್‌ಪ್ಲೇಪೋರ್ಟಿಗೆ ಜೋಡಿಸಲು ಪರಿವರ್ತಕ ಬೇಕು. ಮಾನಿಟರ್ 4ಕೆ ಆಗಿದ್ದರೆ ಎಚ್.ಡಿ.ಎಂ.ಐ. 1.4 ಕಿಂಡಿ ಸೆಕೆಂಡಿಗೆ 30 ಚಿತ್ರಗಳನ್ನಷ್ಟೇ ಕಳಿಸುವುದರಿಂದ ಮೌಸಿನ ಬಾಣ ಎಳೆದಂತೆ ಚಲಿಸುತ್ತದೆ. 60 ಬೇಕಾದರೆ 2.0 ಇರಲಿ.

ಎಲ್ಲ ಜೋಡಿಸಿದ ಮೇಲೆ ವಿಂಡೋಸ್ ಕೀಲಿಯೊಡನೆ 'ಪಿ' ಒತ್ತಿ 'ಎಕ್ಸ್‌ಟೆಂಡ್' ಆರಿಸಿದರಾಯಿತು.

ಆದುದರಿಂದ ಅಂಗಡಿಗೆ ಹೊರಡುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಮಾನಿಟರ್ ಎಷ್ಟು, ಪ್ರತಿಯೊಂದರ ಕಿಂಡಿ ಯಾವುದು, ಪ್ರೊಸೆಸರ್ ಯಾವುದು, ಕ್ಯಾಬಿನೆಟ್ಟಿನ ಅಳತೆ ಎಷ್ಟು. ಕೈಯಲ್ಲಿ ಆ ಚೀಟಿ ಇದ್ದರೆ ಬೇಕಾದದ್ದನ್ನೇ ಕೇಳುತ್ತೀರಿ, ಬೇಡದ್ದಕ್ಕೆ ಹಣ ಸುರಿಯುವುದಿಲ್ಲ.