ಹಿಮ್ಮಡಿಯ ಮೂಳೆ ಮುರಿದಾಗ
ಹಂಪೆಯ ಬಂಡೆಯಿಂದಲೋ ಕಂಪ್ಲಿಯ ತೆಂಗಿನ ಮರದಿಂದಲೋ ಜಾರಿ, ಕಾಲೂರಿ ಬಿದ್ದವರಿಗೆ ಹಿಮ್ಮಡಿಯ ಮೂಳೆ ಮುರಿಯುವುದುಂಟು. ಅದು ನುಚ್ಚಾಗಿ ಕೀಲು ಕದಲಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆಗ ತೊಡೆಗೆ ಟೂರ್ನಿಕೆಟ್ ಎಂಬ ಗಾಳಿ ತುಂಬುವ ಪಟ್ಟಿಯನ್ನು ಬಿಗಿದು ರಕ್ತವನ್ನು ತಡೆಯುವ ರೂಢಿಯಿದೆ. 1904ರಲ್ಲಿ ಹಾರ್ವೆ ಕುಶಿಂಗ್ ಬಳಕೆಗೆ ತಂದ ಈ ಉಪಾಯದಿಂದ ಮೂಳೆಯ ಚೂರುಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಬಿಗಿತ ಸುಮಾರು 2 ಗಂಟೆ ಮೀರಿದರೆ ನರ, ಸ್ನಾಯುಗಳಿಗೆ ಅಪಾಯ ಹೆಚ್ಚು. ಸಡಿಲಿಸಿದ ಮೇಲೆ ಬಾವು ಬರಬಹುದು. ಹಿಮ್ಮಡಿಯ ಪಕ್ಕದ ಚರ್ಮವೋ ತೆಳು. ಬಾವೇರಿದರೆ ಗಾಯ ಕೂಡುವುದು ತಡ. ಆದುದರಿಂದ ಪಟ್ಟಿಯಿಲ್ಲದೆಯೇ ಚಿಕಿತ್ಸೆ ನಡೆಸುವವರೂ ಇದ್ದಾರೆ. ಹೊಸಪೇಟೆಯಲ್ಲಾಗಲಿ ಬಳ್ಳಾರಿಯಲ್ಲಾಗಲಿ, ಕಟ್ಟುವುದೋ ಬಿಡುವುದೋ ವೈದ್ಯರ ತೀರ್ಮಾನ. ರೋಗಿಯ ಮಧುಮೇಹ, ಧೂಮಪಾನ, ಕಾಲಿನ ರಕ್ತನಾಳದ ತೊಂದರೆಗಳನ್ನು ಮುಚ್ಚಿಡದೆ ಮೊದಲೇ ತಿಳಿಸುವುದು ಮನೆಯವರ ಕರ್ತವ್ಯ.